ಎಣ್ಣಿ ಪಂಪಿನ ಮೇಲೆ ನಡೆದ ಫೋನು

ಗೋಗಿ ಊರಿನ ಹತ್ತಿರದ ಕಾಲುವೆ ಗೇಟಿನ ಖೋಲಿಗೆ ಇಂಟರ್ನೆಟ್ ಫೋನು, ಅದರ ಡಬ್ಬಿ ಕೂಡಿಸಿ ಕೈ ಒರೆಸಿಕೊಳ್ಳುತ್ತಿದ್ದೆ, ಕರೆಂಟ್ ಹೋಯಿತು. ಅದರ ಹಿಂದೆಯೇ ಫೋನೂ ಸತ್ತಿತು. ಅಷ್ಟರಲ್ಲಿ ಒಬ್ಬ ರೈತ ಏದುಸಿರು ಬಿಡುತ್ತ ಗೇಟ್ ಕಾಯುವ ಮಲ್ಲಮ್ಮನ ಬಳಿ ಓಡಿಬಂದ.

"ಮಲ್ಲಮ್ಮಕ್ಕ, ಕೆಳಗ ಕಾಲುವಿ ಏರಿ ಸೋರಾಕತ್ತದ! ಮ್ಯಾಲಿನ ಗೇಟ್ ಇಳಸಾಕ ಹೇಳ್ರಿ!"

ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಮೇಲಿನ ಗೇಟು ಎಂಟು ಮೈಲಿ ದೂರ; ಅಲ್ಲಿಗೆ ಸುದ್ದಿ ಮುಟ್ಟಿಸಲು ಈ ಫೋನೊಂದೇ ದಾರಿ.

"ಕರೆಂಟ್ ಬರೋತನಕ ಏನೂ ಮಾಡಾಕ ಆಗಂಗಿಲ್ರಿ," ಎಂದೆ ನಾನು, ಕಲಿತವನ ಠೀವಿಯಲ್ಲಿ.

ಮಲ್ಲಮ್ಮ ಮೂಲೆಯಿಂದ ಹತ್ತಿಯ ಹುಳ ಸಾಯಿಸುವ ಎಣ್ಣಿ ಹೊಡೆಯುವ ಬ್ಯಾಟರಿ ಪಂಪು ತಂದು ನನ್ನ ಮುಂದಿಟ್ಟರು.

"ಈ ಬ್ಯಾಟರಿ ಮ್ಯಾಲ ಹನ್ನೆರಡು ಅಂತ ಬರ್ದದ. ನಿಮ್ಮ ಡಬ್ಬಿ ಮ್ಯಾಲೂ ಹನ್ನೆರಡು ಅಂತನೇ ಬರ್ದದ. ನಡೀತದಿಲ್ರಿ?"

ನಾನು ಬಾಯಿ ತೆರೆಯುವುದರೊಳಗೆ ಹೊಸ ಅಡಾಪ್ಟರಿನ ವೈರನ್ನು ಕುಡಗೋಲಿನಿಂದ ಕತ್ತರಿಸಿಬಿಟ್ಟಿದ್ದರು. ಪ್ಲಸ್ ವೈರು ಯಾವುದೆಂದು ತೋರಿಸಿದ್ದಷ್ಟೇ ನನ್ನ ಕೆಲಸ; ಅದನ್ನು ಬ್ಯಾಟರಿಗೆ ಕಟ್ಟಿದವರೂ ಅವರೇ. ಡಬ್ಬಿಯ ದೀಪಗಳು ಒಂದೊಂದಾಗಿ ಹಸಿರಾದವು. ರಿಸೀವರಿನಲ್ಲಿ ಟೋನ್ ಬಂತು. ಇಷ್ಟು ವರ್ಷ ನೂರಾರು ಡಬ್ಬಿ ಕೂಡಿಸಿದವನಿಗೆ ಆ ಹನ್ನೆರಡು ವೋಲ್ಟ್ ಒಮ್ಮೆಯೂ ಕಂಡಿರಲಿಲ್ಲ.

"ಗೇಟ್ ಇಳಸ್ರಿ, ಲಗೂ!" ಎಂದು ಮಲ್ಲಮ್ಮ ಫೋನಿನಲ್ಲಿ ಕೂಗಿದರು. ನೀರು ಇಳಿಯಿತು, ಏರಿ ಉಳಿಯಿತು.

ನಾನು ಕೈಮುಗಿದೆ. "ಅಕ್ಕಾರ, ನಿಮ್ಮ ತಲಿಗೆ ಶರಣ್ರಿ."

ಅವರು ಹಳೆಯ ಕೈಪಂಪು ಎತ್ತಿ ನನ್ನ ಬೆನ್ನಿಗೇರಿಸಿದರು. "ಬ್ಯಾಟರಿ ಫೋನಿಗೇ ಇರ್ಲಿ. ಹತ್ತಿಗೆ ಎಣ್ಣಿ ಹೊಡಿಯೋದು ಅರ್ಧ ಉಳ್ದದ. ಕರೆಂಟ್ ಬರೋತನಕ ನಿಮಗೇನೂ ಕೆಲಸ ಇಲ್ಲಂತ ನೀವೇ ಅಂದ್ರೆಲ್ಲ ಸಾಹೇಬ್ರ?"

ಕರೆಂಟ್ ಬಂದಾಗ ನಾನು ಹನ್ನೊಂದನೇ ಸಾಲಿನಲ್ಲಿದ್ದೆ.