ಮುರುಗಲು ಹುಳಿಯಲ್ಲಿ ನೆನೆದ ಮೊನೊಗ್ರಾಂ

ಅಕ್ಷರ ಗುಂಡಗಿಲ್ಲ, ಅಲ್ಲಲ್ಲಿ ಹೊಡೆದು ತಿದ್ದಿದ್ದೂ ಇದೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟ ಕೈಯ ಬರಹ ಇದು. ಮಾತು ತಪ್ಪಿದ್ದರೆ ಓದುವವರು ಮನ್ನಿಸಬೇಕು. ಮಂಕಿಯ ಸುಪ್ರಿಯಾಳ ಕೆಲಸವನ್ನು ಯಾರಾದರೊಬ್ಬರು ಬರೆದಿಡಬೇಕಿತ್ತು, ಅದಕ್ಕಾಗಿ ಇಷ್ಟು.

ಸುಪ್ರಿಯಾಳ ಶೆಡ್ಡು ಮಂಕಿಯ ಹೆದ್ದಾರಿ ಪಕ್ಕದಲ್ಲಿದೆ. ಬೋರ್ಡು ಇಲ್ಲ. ಬಾಗಿಲ ಮೇಲೆ ಹಳೆಯ ಕಾರಿನ ನಾಲ್ಕು ವೀಲ್ ಕ್ಯಾಪುಗಳನ್ನು ಸಾಲಾಗಿ ಹೊಡೆದಿದ್ದಾಳೆ, ಬಿಸಿಲಿಗೆ ಅವು ಹೊಳೆಯುವುದು ದೂರಕ್ಕೇ ಕಾಣುತ್ತದೆ. ಭಟ್ಕಳದಿಂದ ಕುಮಟೆಯವರೆಗೆ ಹಳೇ ಕಾರು ಇಟ್ಟುಕೊಂಡವರಿಗೆ ಅಷ್ಟು ಗುರುತು ಸಾಕು. ಇಂಜಿನ್ನು ಅವಳು ಮುಟ್ಟುವುದಿಲ್ಲ, ಬಣ್ಣವನ್ನೂ ಹೊಡೆಯುವುದಿಲ್ಲ. ಕಾರಿನ ಮೈಮೇಲಿನ ಒಡವೆ ಮಾತ್ರ ಅವಳದು: ಹೆಸರು ಬರೆದ ಮೊನೊಗ್ರಾಂ, ಬಾಗಿಲಿನುದ್ದಕ್ಕೂ ಓಡುವ ಬೀಡಿಂಗ್ ಪಟ್ಟಿ, ಗ್ರಿಲ್ಲು, ಹಿಡಿಕೆ. ಕಡಲ ಗಾಳಿಯ ಉಪ್ಪು ಮೊದಲು ಕಚ್ಚುವುದು ಇವನ್ನೇ.

ಒಡವೆಯ ಕೆಲಸ ಅವಳಿಗೆ ಅಪ್ಪ ಮಾಸ್ತಿಯಿಂದ ಬಂದದ್ದು. ಮಾಸ್ತಿ ಯಕ್ಷಗಾನದ ಮೇಳಗಳಿಗೆ ಕಿರೀಟ, ಭುಜಕೀರ್ತಿ ಮಾಡಿಕೊಡುತ್ತಿದ್ದವನು. ಹಗುರ ಮರದ ಮೇಲೆ ಬೇಗಡೆಯ ತೆಳ್ಳನೆಯ ಹೊಳೆಯುವ ಹಾಳೆಯನ್ನು ಒಂದು ಸುಕ್ಕೂ ಬಾರದಂತೆ ಅಂಟಿಸುವುದನ್ನು ಅವಳು ಲಂಗ ಉಡುವ ವಯಸ್ಸಿಗೇ ಕಲಿತಿದ್ದಳು. ಮುಂದೆ ಭಟ್ಕಳದ ಒಬ್ಬ ಸಾಹೇಬರು ತಮ್ಮ ಅಜ್ಜನ ಕಾರಿನ ಮುರಿದ ಹೆಸರನ್ನು ತಂದು, "ಕಿರೀಟ ಮಾಡ್ತೀರಿ, ಇದೆಂತ ಮಹಾ?" ಎಂದು ಜಗುಲಿಯ ಮೇಲೆ ಇಟ್ಟು ಹೋದರು. ಅಲ್ಲಿಂದ ಅವಳ ದಾರಿ ಬೇರೆಯಾಯಿತು.

ಹೋದ ಬೇಸಿಗೆಯ ಒಂದು ಗುರುವಾರ, ಕಾಯ್ಕಿಣಿಯ ಹನುಮಕ್ಕ ರಿಕ್ಷಾ ಇಳಿದು ಶೆಡ್ಡಿಗೆ ಬಂದಳು. ಸೆರಗಿನೊಳಗೆ ಏನನ್ನೋ ಮುಚ್ಚಿಕೊಂಡಿದ್ದಳು. ಅವಳ ಗಂಡ ವೆಂಕಟ ತನ್ನ ಅಂಬಾಸಡರನ್ನು ಮೊನ್ನೆಮೊನ್ನೆಯವರೆಗೂ ಬಾಡಿಗೆಗೆ ಓಡಿಸಿದವನು. ಎರಡೂ ಕಣ್ಣಿಗೆ ಪೊರೆ ಬಂದಮೇಲೆ ಕಾರು ಮನೆಯಂಗಳದಲ್ಲಿ ನಿಂತಿತ್ತು. ಒಂದು ಕಣ್ಣಿನ ಆಪರೇಷನ್ ಕುಮಟೆಯಲ್ಲಿ ಆಗಿತ್ತು, ಅವನು ಅಲ್ಲೇ ಮಗಳ ಮನೆಯಲ್ಲಿ ಉಳಿದಿದ್ದ.

"ಎಂತ ತಂದ್ರಿ ಹನುಮಕ್ಕ, ಕೋಳಿಯಾ?" ಎಂದಳು ಸುಪ್ರಿಯಾ.

"ನಗಬೇಡ ಮಾರಾಯ್ತಿ. ನನ್ನ ಮರ್ಯಾದಿ ಹೋಗೂ ಹೊತ್ತು ಇದು." ಹನುಮಕ್ಕ ಸೆರಗು ಬಿಡಿಸಿದಳು. ಅಂಬಾಸಡರಿನ ಡಿಕ್ಕಿಯ ಮೇಲಿದ್ದ ಹೆಸರು, ಅದರ ಜೊತೆಗೆ ಎರಡು ಬೀಡಿಂಗ್ ಪಟ್ಟಿ. ಹೆಸರಿನ ಅಕ್ಷರಗಳ ಮೈತುಂಬ ಗುಳ್ಳೆ ಎದ್ದು, ನಿಕಲ್ ಚಕ್ಕೆಚಕ್ಕೆಯಾಗಿ ಸುಲಿದು, ಒಳಗಿನ ಬೂದುಬಣ್ಣದ ಲೋಹ ಹೊರಗೆ ಬಂದಿತ್ತು. ಸಂದಿಗಳಲ್ಲಿ ನೇರಳೆ ಬಣ್ಣದ ಕಲೆ. ಸುಪ್ರಿಯಾ ಮೂಗಿನ ಹತ್ತಿರ ಹಿಡಿದು ನೋಡಿದಳು, ಹುಳಿಹಣ್ಣಿನ ವಾಸನೆ.

"ಮುರುಗಲು ಸಿಪ್ಪೆಯಾ?"

"ಹೌದೆ. ದೇವರ ದೀಪ ಅದ್ರಲ್ಲಿ ನೆನೆಹಾಕಿದ್ರೆ ಬಂಗಾರ ಆಗ್ತದಲೆ? ಇದೂ ಹಂಗೇ ಬೆಳಗ್ತದೆ ಅಂದ್ಕಂಡು ಸ್ಕ್ರೂ ಬಿಚ್ಚಿ, ಮಡಕಿಲಿ ಇಡೀ ರಾತ್ರೆ ಹಾಕಿಟ್ಟಿದ್ದೆ. ಅವರಿಗೆ ಕಣ್ಣು ಬಂದು ಮನಿಗೆ ಬಂದ ಕೂಡ್ಲೆ ಮೊದ್ಲು ನೋಡೂದು ಆ ಕಾರನ್ನೇ. ಚಂದ ಕಾಣ್ಲಿ ಅಂತ ಮಾಡ್ದೆ." ಅವಳು ಸೆರಗಿನಿಂದ ಪಟ್ಟಿಯನ್ನು ಒರೆಸಿದಳು. "ಇಷ್ಟ್ ವರ್ಷಕ್ಕೂ ಆ ಕಾರಿಗೆ ನನ್ನ ಕೈ ಹಚ್ಚೂಕೆ ಬಿಡ್ಲಿಲ್ಲ ಅವ್ರು. ಆಯುಧಪೂಜಿಗೂ ಹರಿವಾಣ ಹಿಡ್ಕಂಡು ನಿಲ್ಲೂದೇ ನನ್ನ ಕೆಲ್ಸ. ಈಗ ನೋಡು, ಮುಟ್ಟಿದ್ದೇ ಹಾಳು."

"ಯಾವಾಗ ಬರ್ತ್ರು?"

"ಆಯ್ತ್ವಾರ. ಪೇಟಿಲಿ ಪ್ಲಾಸ್ಟಿಕ್ಕಿಂದು ಹೊಸಾದು ಸಿಕ್ತದಂತೆ. ಅದನ್ನೇ ಹಚ್ಚಿದ್ರೆ?"

ಸುಪ್ರಿಯಾ ಹೆಸರಿನ ಮೇಲೆ ಬೆರಳಾಡಿಸಿದಳು. ಕೊನೆಯ ಅಕ್ಷರಕ್ಕೆ ಬಂದಾಗ ಬೆರಳು ನಿಂತಿತು. ಆ ಒಂದು ಅಕ್ಷರದಲ್ಲಿ ಗುಳ್ಳೆ ಇರಲಿಲ್ಲ. ಅದರ ಮೇಲಂಚು ಬಳಪದ ಹಾಗೆ ಸವೆದು ಸಣ್ಣ ತಗ್ಗಾಗಿತ್ತು. ವೆಂಕಟ ಡಿಕ್ಕಿ ತೆಗೆಯುವಾಗೆಲ್ಲ ಎಡಗೈ ಹೆಬ್ಬೆರಳನ್ನು ಅಲ್ಲೇ ಊರುತ್ತಿದ್ದಿರಬೇಕು. ಅಲ್ಲಿಯ ನಿಕಲ್ ಎಂದೋ ಸವೆದುಹೋಗಿತ್ತು, ಹುಳಿಗೆ ಸುಲಿಯಲು ಏನೂ ಉಳಿದಿರಲಿಲ್ಲ.

"ಪ್ಲಾಸ್ಟಿಕ್ಕು ಕಣ್ಣಿಗೆ ಸರಿಯಾದೀತು, ಅವರ ಬೆರಳಿಗೆ ಆಗೂದಿಲ್ಲ," ಎಂದಳು. "ಬಿಟ್ಟು ಹೋಗಿ. ಆಯ್ತ್ವಾರ ಬೆಳಗ್ಗೆ ನಾನೇ ಬಂದು ಕೂರಿಸಿ ಕೊಡ್ತೆ."

"ಅವರಿಗೆ ಗೊತ್ತಾಗೂದಿಲ್ಲ ಅಲ?"

"ಚಂದ ಮಾಡಿ ಕೊಡೂದು ನನ್ನ ಕೆಲ್ಸ. ಅವರು ಕೇಳಿದ್ರೆ ಎಂತ ಹೇಳೂದು ಅಂಬುದು ನಿಮ್ಮ ಕೆಲ್ಸ. ನನ್ನ ಬಾಯಲ್ಲಿ ಸುಳ್ಳು ಹೇಳಿಸಬೇಡಿ, ಆತಾ?"

ಹನುಮಕ್ಕ ಹೋದಮೇಲೆ ಸುಪ್ರಿಯಾ ಮೊದಲು ಹುಳಿಯ ಕಸುವು ತೆಗೆದಳು. ಸೋಡಾಪುಡಿ ಕಲಸಿದ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿದಳು. ಬೀಡಿಂಗು ಸ್ಟೀಲಿನದು, ಅದಕ್ಕೇನೂ ಆಗಿರಲಿಲ್ಲ. ಉಜ್ಜಿ ಹೊಳಪೇರಿಸುವ ಬಫಿಂಗ್ ಚಕ್ರಕ್ಕೆ ಒಮ್ಮೆ ಕೊಟ್ಟದ್ದೇ ಮುಖ ಕಾಣುವಷ್ಟಾಯಿತು. ಹೆಸರಿನದೇ ಕಷ್ಟ. ಗುಳ್ಳೆಗಳನ್ನು ಒಂದೊಂದಾಗಿ ಸೂಜಿಯಿಂದ ಒಡೆದು, ಒಳಗಿನ ಬಿಳಿ ಪುಡಿಯನ್ನು ಕೆರೆದು ತೆಗೆದಳು. ಆ ಬೂದು ಲೋಹ ಹೆಚ್ಚು ಕಾವು ತಡೆಯುವುದಿಲ್ಲ, ಮೇಣದ ಹಾಗೆ ಕುಸಿದುಬಿಡುತ್ತದೆ. ಅದಕ್ಕೇ ಸಣ್ಣ ಕಾವಿಗೆ ಕರಗುವ ಬೆಸುಗೆಯಿಂದ ತೂತುಗಳನ್ನು ತುಂಬಿ, ಅರದಿಂದ ತೀಡಿ, ನೀರು ಹಾಕಿಕೊಂಡು ವಾಟರ್ ಪೇಪರಿನಿಂದ ನುಣ್ಣಗೆ ಮಾಡಿದಳು.

ಇನ್ನು ಹೊಳಪು. ನಿಕಲ್ ಹಾಕಿಸಲು ಹುಬ್ಬಳ್ಳಿಗೆ ಕಳಿಸಬೇಕು, ಭಾನುವಾರದೊಳಗೆ ಅದು ಆಗದ ಮಾತು. ಶೆಡ್ಡಿಗೆ ಅಂಟಿದ ಮನೆಯ ಜಗುಲಿಯ ಮೇಲೆ ಕೂತು ನೋಡುತ್ತಿದ್ದ ಮಾಸ್ತಿ, "ಒಳಗೆ ನನ್ನ ಪೆಟ್ಟಿಗೆಲಿ ಬೆಳ್ಳಿ ಬೇಗಡೆ ಅದೆಯಲೆ," ಎಂದ.

"ಕಾರಿಗೆ ವೇಷ ಕಟ್ಟೂದಾ ಅಪ್ಪ?"

"ರಾಕ್ಷಸನಿಗೇ ಕಟ್ಟಿದ್ದೆ, ಕಾರು ಎಂತ ಮಾಡ್ತದೆ?"

ಸುಪ್ರಿಯಾ ನಗುತ್ತಲೇ ಪೆಟ್ಟಿಗೆ ತೆಗೆದಳು. ಹಾಳೆಯನ್ನು ಅಕ್ಷರದ ಅಳತೆಗೆ ಕತ್ತರಿಸಿ, ತೆಳ್ಳಗೆ ಅಂಟು ಸವರಿ ಕೂರಿಸಿ, ಕವಡೆಯ ಬೆನ್ನಿನಿಂದ ಮೆಲ್ಲಗೆ ತೀಡುತ್ತ ಹೋದಳು. ತಿರುವುಗಳಲ್ಲಿ ಹಾಳೆ ಮುರಿಯಲಿಲ್ಲ, ಅಂಚಿನಲ್ಲಿ ಏಳಲಿಲ್ಲ. ಮೇಲೆ ವಾರ್ನಿಶು. ಕೊನೆಯ ಅಕ್ಷರಕ್ಕೆ ಮಾತ್ರ ಏನನ್ನೂ ಅಂಟಿಸಲಿಲ್ಲ.

ಭಾನುವಾರ ಬೆಳಿಗ್ಗೆ ಕಾಯ್ಕಿಣಿಯ ಅಂಗಳದಲ್ಲಿ ಅದನ್ನು ಕೂರಿಸುವಾಗ ಹನುಮಕ್ಕ ಬಗ್ಗಿ ನೋಡಿದಳು. "ಅದೊಂದು ಬೋಳು ಕಾಣ್ತದಲೆ?"

"ಕಾಣ್ಲಿ. ಅದು ವೆಂಕಟಣ್ಣನ ಹೆಬ್ಬೆರಳಿನ ಜಾಗ. ಅಲ್ಲಿ ನಾನು ಕೈ ಹಾಕೂದಿಲ್ಲ."

ಸ್ವಲ್ಪ ಹೊತ್ತಿಗೆ ವೆಂಕಟ ಬಂದಿಳಿದ. ಕಪ್ಪು ಕನ್ನಡಕ ಹಾಕಿದ್ದ. ಮನೆಯೊಳಗೆ ಹೋಗದೆ ನೇರ ಕಾರಿನ ಬಳಿ ಬಂದು ಒಂದು ಸುತ್ತು ಹಾಕಿದ. ಬೀಡಿಂಗು ನೋಡಿ, "ಓಹೋ, ಇಷ್ಟು ಹೊಳೀತಿತ್ತಾ ಇದು?" ಎಂದ. ಡಿಕ್ಕಿಯ ಹತ್ತಿರ ನಿಂತಾಗ ಎಡಗೈ ಹೆಬ್ಬೆರಳು ತಾನಾಗಿ ಕೊನೆಯ ಅಕ್ಷರಕ್ಕೆ ಹೋಯಿತು. ಅವನ ಮುಖ ಅರಳಿತು. ಬೆರಳು ಹಾಗೇ ಹಿಂದಿನ ಅಕ್ಷರಕ್ಕೆ ಸರಿದು ತಡೆಯಿತು.

"ಸುಪ್ರಿಯಾ, ಇದು ನಿಕಲ್ ಅಲ್ಲ. ಎಂತ ವೇಷ ಕಟ್ಟಿದ್ದೆ ಇದಕ್ಕೆ?"

ಸುಪ್ರಿಯಾ ಸ್ಕ್ರೂಡ್ರೈವರ್ ಒರೆಸುತ್ತ ಹನುಮಕ್ಕನ ಕಡೆ ನೋಡಿದಳು. ಹನುಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಾನು ಮುರುಗಲು ಹುಳಿಲಿ ಹಾಕಿದ್ದೆ," ಎಂದಳು ಕಡೆಗೆ. "ದೀಪದ ಹಂಗೆ ಬೆಳಗ್ತದೆ ಅಂತ. ಎಲ್ಲಾ ಸುಲಿದುಹೋತು. ಇವಳು ಸರಿ ಮಾಡಿ ಕೊಟ್ಟಳು."

ವೆಂಕಟ ಕನ್ನಡಕ ತೆಗೆದು ಹೆಂಡತಿಯನ್ನು ನೋಡಿದ. ಹೊಸ ಕಣ್ಣಿಗೆ ಬೆಳಕು ಚುಚ್ಚಿತೋ ಏನೋ, ಮತ್ತೆ ಹಾಕಿಕೊಂಡ.

"ಸ್ಕ್ರೂ ನೀನೇ ಬಿಚ್ಚಿದ್ದೆಯಾ?"

"ಹೌದು."

"ಹಿಂದಿನದು ತುಕ್ಕು ಹಿಡ್ದಿತ್ತಲೆ?"

"ಸೀಮೆಎಣ್ಣೆ ಬಿಟ್ಟು, ನೆನೆಸಿ ಬಿಚ್ಚಿದೆ."

ವೆಂಕಟ ಮುಂದಿನ ಬಾಗಿಲು ತೆಗೆದು, ಸೀಟಿನಡಿಗೆ ಕೈ ಹಾಕಿ ಒಂದು ಮೆತ್ತನೆಯ ಹಳದಿ ಬಟ್ಟೆ ಎಳೆದ. ಅದನ್ನು ಬೇರೆಯವರ ಕೈಗೆ ಅವನು ಕೊಟ್ಟದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. "ಹಿಡಿ. ಹುಳಿ, ಬೂದಿ ಎಂತದೂ ಬೇಡ. ಒಣಬಟ್ಟೆ ಸಾಕು. ಆ ಬದಿ ನೀನು, ಈ ಬದಿ ನಾನು. ಹರಿವಾಣ ಹಿಡಿಸಿ ನಿಲ್ಲಿಸಿದ್ದೇ ತಪ್ಪಾತು ಕಾಣ್ತದೆ, ಮೊದ್ಲೇ ಬಟ್ಟೆ ಕೊಟ್ಟಿದ್ರೆ ನಿಂಗೆ ಗೊತ್ತಾಗ್ತಿತ್ತು."

"ಈಗಾದ್ರೂ ಗೊತ್ತಾತಲ ನಿಮಗೆ," ಎಂದು ಹನುಮಕ್ಕ ಬಟ್ಟೆ ಕಸಿದುಕೊಂಡಳು. ದನಿ ಹಳೆಯ ಹದಕ್ಕೆ ಬಂದಿತ್ತು.

"ಹೆಸರು ಮಾತ್ರ ಜೋರಾಗಿ ತಿಕ್ಕಬೇಡಿ ಇಬ್ಬರೂ," ಸುಪ್ರಿಯಾ ಚೀಲ ಹೆಗಲಿಗೇರಿಸಿದಳು. "ಬೇಗಡೆ ಮಳೆಗೆ ನಿಲ್ಲೂದಿಲ್ಲ."

ಮಳೆ ಹಿಡಿಯುವ ಮೊದಲು ಅವಳು ಕಾಯ್ಕಿಣಿಗೆ ಹೋಗಿ ಆ ಹೆಸರನ್ನು ಬಿಚ್ಚಿ ತಂದು, ಬೇಗಡೆ ಸುಲಿದು, ಹೆಬ್ಬೆರಳಿನ ಜಾಗದಲ್ಲಿ ನಿಕಲ್ ಕೂರದಂತೆ ಕೊನೆಯ ಅಕ್ಷರಕ್ಕೆ ಮೇಣ ಮೆತ್ತಿ, ಉಳಿದದ್ದಕ್ಕೆ ನಿಕಲ್ ಹಾಕಿಸಲು ಹುಬ್ಬಳ್ಳಿಯ ಬಸ್ಸು ತಾನೇ ಹತ್ತಿದಳು.