ಹನ್ನೊಂದು ದಿನಗಳ ವಿವರಣೆ

ಶಾಲೆಯಲ್ಲಿ ಎಲ್ಲರೂ ಅವಳನ್ನು ಫಾರಿನ್ ಟೀಚರ್ ಎನ್ನುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಕೀಟಲೆ. ಹೊರದೇಶದಲ್ಲಿ ಶಿಕ್ಷಕ ತರಬೇತಿ ಮುಗಿಸಿ ಬಂದವಳು ಈ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬರೀ ಸಹಾಯಕಿಯಾಗಿ ಉಳಿದಿದ್ದಳು. ಪಾಠ ಮಾಡುವವಳು ಅವಳು, ಅಂಕಪಟ್ಟಿಗೆ ಸಹಿ ಹಾಕುವವರು ಬೇರೆಯವರು. ಪದವಿಗೆ ಇಲ್ಲಿಯ ಮಾನ್ಯತೆ ಮಾಡಿಸಿಕೋ ಎಂದು ಗಂಡ ಹೇಳಿ ಹೇಳಿ ಸಾಕಾಗಿದ್ದ. ಪ್ರತಿಸಲವೂ ಅವಳು ಏನಾದರೊಂದು ನೆಪ ಹೇಳಿ ಮಾತು ಹಾರಿಸುತ್ತಿದ್ದಳು. ಇದು ಸೋಮಾರಿತನ ಎಂದುಕೊಂಡು ಅವನೂ ಸುಮ್ಮನಾಗಿದ್ದ.

ಕೊನೆಗೆ ಹೆಡ್‌ಮಾಸ್ಟರೇ ಕರೆಸಿ ಹೇಳಿದರು. “ಈ ವರ್ಷ ನಿಯಮ ಬಿಗಿ ಮಾಡಿದಾರೆ ಟೀಚರ್. ಮಾನ್ಯತೆ ಪತ್ರ ಇಲ್ಲದವರನ್ನ ತರಗತಿಗೆ ಬಿಡೋ ಹಾಗಿಲ್ಲ. ನನ್ನ ಕೈಯಲ್ಲಿ ಏನೂ ಇಲ್ಲ.”

ಮಾನ್ಯತೆಯ ಕಚೇರಿ ಮೂರನೇ ಮಹಡಿಯಲ್ಲಿತ್ತು. ಕೆಟ್ಟ ಲಿಫ್ಟಿನ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಿದ್ದರು. ಅಲ್ಲಿಯ ಗುಮಾಸ್ತೆ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ತುಂಬ ಹುಡುಕಿ, ಸಿಕ್ಕಮೇಲೆ ತನ್ನನ್ನೇ ಬೈದುಕೊಂಡು, ಕಾಗದಗಳನ್ನು ಒಂದೊಂದಾಗಿ ತಿರುವಿದಳು. ಒಂದು ಹಾಳೆಯ ಮೇಲೆ ಅವಳ ಬೆರಳು ನಿಂತಿತು.

“ಪಾಠದ ಅಭ್ಯಾಸ ನೂರಿಪ್ಪತ್ತು ದಿನ ಇರಬೇಕು ಮೇಡಂ. ಇಲ್ಲಿ ನೂರ ಒಂಬತ್ತಿದೆ. ಉಳಿದ ಹನ್ನೊಂದು ದಿನ ಎಲ್ಲೋಯ್ತು?”

ಇಷ್ಟು ವರ್ಷ ಅವಳು ಹೆದರಿದ್ದು ಇದೊಂದೇ ಪ್ರಶ್ನೆಗೆ.

“ಹುಷಾರಿರಲಿಲ್ಲ ಅಂತ ಒಂದು ಸಾಲು ಬರೆದುಕೊಟ್ಟುಬಿಡಿ. ಮುಗೀತು,” ಅಂದಳು ಗುಮಾಸ್ತೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಅವಳು ಗೋಡೆ ಪಕ್ಕದ ಬೆಂಚಿನಲ್ಲಿ ಕೂತು ಪೆನ್ನು ತೆರೆದಳು. ಆ ಒಂದು ಸಾಲು ಬರಲಿಲ್ಲ.

ತರಬೇತಿ ಪಡೆದ ಆ ದೇಶದಲ್ಲಿ ಪಾಠದ ಅಭ್ಯಾಸಕ್ಕೆ ಅವಳಿಗೆ ಕೊಟ್ಟಿದ್ದು ನಾಲ್ಕನೇ ತರಗತಿ. ಹೊಸದಾಗಿ ಸೇರಿದ ಒಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಳು. ಸ್ವೆಟರಿನ ತೋಳನ್ನು ಬೆರಳು ಮುಚ್ಚುವಷ್ಟು ಎಳೆದುಕೊಂಡು ಕೂರುತ್ತಿದ್ದಳು. ಒಂದು ಮಧ್ಯಾಹ್ನ ಗಂಟೆ ಹೊಡೆದು ಮಕ್ಕಳೆಲ್ಲ ಹೋದಮೇಲೂ ಅವಳು ಮೇಜಿನ ಹತ್ತಿರ ನಿಂತಳು. ಮಾರನೆಯ ದಿನ ತರಬೇತಿಯ ಮೇಲ್ವಿಚಾರಕಿ ತಪಾಸಣೆಗೆ ಬರುವವರಿದ್ದರು, ಮೂವತ್ತು ನೋಟ್‌ಬುಕ್ ತಿದ್ದುವುದು ಬಾಕಿಯಿತ್ತು.

“ಟೀಚರ್, ಒಂದು ಮಾತು.”

“ನಾಳೆ ಹೇಳಮ್ಮ,” ಅಂದಿದ್ದಳು ಇವಳು, ತಲೆ ಎತ್ತದೆ.

ಹುಡುಗಿ ಸ್ವಲ್ಪ ಹೊತ್ತು ನಿಂತೇ ಇದ್ದು, ಆಮೇಲೆ ಹೋದಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಇವಳು ವಿಳಾಸ ಹಿಡಿದು ಮನೆಗೆ ಹೋದಳು. ಬೀಗ ಹಾಕಿತ್ತು. ಕಿಟಕಿಯಿಂದ ಇಣುಕಿದರೆ ಮೇಜಿನ ಮೇಲೆ ಉಂಡು ಬಿಟ್ಟ ತಟ್ಟೆಗಳು, ನೆಲದ ಮೇಲೆ ಒಂದೇ ಒಂದು ಬೂಟು. ಅಕ್ಕಪಕ್ಕದವರಿಗೆ ಏನೂ ತಿಳಿದಿರಲಿಲ್ಲ. ಪೊಲೀಸರು ಬರೆದುಕೊಂಡರು, ಅಷ್ಟೆ.

ಹನ್ನೊಂದು ದಿನ ಇವಳು ಶಾಲೆಯ ಕಡೆ ತಲೆ ಹಾಕಲಿಲ್ಲ. ಬಸ್ ನಿಲ್ದಾಣ, ಆಸ್ಪತ್ರೆ, ಬಾಡಿಗೆ ಕೋಣೆಗಳ ಸಾಲು, ಎಲ್ಲ ಅಲೆದಳು. ಆಮೇಲೆ ಮೇಲ್ವಿಚಾರಕಿಯೇ ಹುಡುಕಿಕೊಂಡು ಬಂದು, ಕಥೆಯನ್ನೆಲ್ಲ ಕೇಳಿ, ಕೈಹಿಡಿದು ತರಗತಿಗೆ ವಾಪಸು ಕರೆದೊಯ್ದರು. ಹಡಗಿನ ಇಂಜಿನ್ ಕೆಲಸದಲ್ಲಿದ್ದ ಗಂಡ ಆಗ ಸಮುದ್ರದ ಮೇಲಿದ್ದ. ಬಂದಮೇಲೂ ಅವನಿಗೆ ಹೇಳಲಿಲ್ಲ.

ಊರಿಗೆ ಮರಳಿದರೂ ಹುಡುಗಿ ಬಿಡಲಿಲ್ಲ. ಎದುರು ಬಸ್ಸಿನ ಕಿಟಕಿಯಲ್ಲಿ, ಬಟ್ಟೆ ಅಂಗಡಿಯ ಕನ್ನಡಿಯಲ್ಲಿ, ಯಾರದೋ ಮದುವೆಯ ಊಟದ ಸಾಲಿನ ಕೊನೆಯಲ್ಲಿ ಕಾಣುತ್ತಿದ್ದಳು. ಇಷ್ಟು ಹೊತ್ತಿಗೆ ಇಪ್ಪತ್ತೆಂಟರ ಹೆಂಗಸಾಗಿರಬೇಕಾದವಳು ಒಂಬತ್ತು ದಾಟುತ್ತಲೇ ಇರಲಿಲ್ಲ.

ಬೆಂಚಿನಲ್ಲಿ ಕೂತು ಇದನ್ನೆಲ್ಲ ಎರಡು ಹಾಳೆ ತುಂಬ ಬರೆದಳು. ಗುಮಾಸ್ತೆ ನಿಂತುಕೊಂಡೇ ಓದಿದಳು.

“ಯೋಚನೆ ಮಾಡಿ ಮೇಡಂ. ಪಾಠ ಬಿಟ್ಟು ಹೋದೋರು ಅಂತ ಅರ್ಜಿ ತಳ್ಳಿಹಾಕಿದ್ರೆ?”

“ಕಳಿಸಿ.”

ಅಂದು ಸಂಜೆ ಗಂಡನಿಗೂ ಹೇಳಿದಳು. ಅವನು ಚಹಾದ ಲೋಟ ತಿರುಗಿಸುತ್ತ, “ಬಸ್ಸಲ್ಲಿ ಹೋಗೋವಾಗ ನೀನು ಯಾವಾಗ್ಲೂ ಕಿಟಕಿ ಪಕ್ಕ ಬೇಡ ಅಂತಿದ್ದಿದ್ದು ಇದಕ್ಕಾ?” ಅಂದ. ಅವಳು ತಲೆಯಾಡಿಸಿದಳು.

ಕಚೇರಿಯವರು ಹೊರದೇಶದ ಆ ತರಬೇತಿ ಕಾಲೇಜಿಗೆ ಬರೆದರು. ಏಳು ವಾರ ಅವಳು ಶಾಲೆಯಿಲ್ಲದೆ ಮನೆಯಲ್ಲಿದ್ದಳು. ಎಂಟನೆಯ ವಾರ ಗುಮಾಸ್ತೆಯ ಫೋನು ಬಂತು. ಹೋದರೆ, ಮೇಜಿನ ಮೇಲೆ ಹಳೆಯ ವರದಿಯೊಂದರ ನಕಲು. ಮೇಲ್ವಿಚಾರಕಿ ತೀರಿಕೊಂಡು ಆರು ವರ್ಷವಾಗಿತ್ತಂತೆ, ಆದರೆ ಅವರು ಬರೆದದ್ದು ಕಡತದಲ್ಲಿ ಉಳಿದಿತ್ತು. ಗುಮಾಸ್ತೆ ಓದಿ ಹೇಳಿದಳು: ‘ಹನ್ನೊಂದು ದಿನ ಈಕೆ ಕಾಣೆಯಾದ ವಿದ್ಯಾರ್ಥಿನಿಯನ್ನು ಹುಡುಕಿದ್ದಾಳೆ. ಇದನ್ನು ರಜೆ ಎಂದು ನಾನು ಒಪ್ಪುವುದಿಲ್ಲ. ತರಬೇತಿಯ ದಿನಗಳಲ್ಲೇ ಸೇರಿಸತಕ್ಕದ್ದು.’

“ಯಾರೋ ಸೇರಿಸೋದು ಮರೆತಿದ್ರು, ಅಷ್ಟೇ. ನಿಮ್ಮ ನೂರಿಪ್ಪತ್ತು ಸರಿಯಾಗಿದೆ. ಪತ್ರ ಸೋಮವಾರ ಸಿಗುತ್ತೆ.”

“ಹುಡುಗಿ ಸಿಕ್ಕಿದ್ಲಾ ಅಂತ ಏನಾದ್ರೂ ಇದೆಯಾ?”

ಗುಮಾಸ್ತೆ ಹಾಳೆಯ ಹಿಂಬದಿಯನ್ನೂ ತಿರುವಿ ನೋಡಿದಳು. “ಇಲ್ಲ ಮೇಡಂ. ತರಗತಿಯದೊಂದು ಫೋಟೋ ಇಟ್ಟಿದಾರೆ. ಇದರದ್ದೂ ನಕಲು ಮಾಡಿಕೊಡ್ತೀನಿ.”

ಮನೆಗೆ ಬಂದು ಫೋಟೋವನ್ನು ಊಟದ ಮೇಜಿನ ಮೇಲಿಟ್ಟಳು. ಮೂರು ಸಾಲು ಮಕ್ಕಳು, ಪಕ್ಕದಲ್ಲಿ ತೆಳ್ಳಗಿನ ತಾನು. ಗಂಡ ಬಗ್ಗಿ ಕೇಳಿದ. “ಇದರಲ್ಲಿ ಯಾರು ಅವಳು?”

ಅವಳ ಬೆರಳು ಮೊದಲ ಸಾಲಿನಲ್ಲಿ ಹೊರಟು ಎರಡನೆಯದಕ್ಕೆ ಬಂತು, ಮೂರನೆಯದಕ್ಕೂ ಹೋಯಿತು. ಚಳಿಗಾಲದಲ್ಲಿ ತೆಗೆದ ಚಿತ್ರ, ಸ್ವೆಟರು ಎಲ್ಲರ ಮೈಮೇಲೂ ಇತ್ತು. ಇಷ್ಟು ವರ್ಷ ಕಿಟಕಿ, ಕನ್ನಡಿಗಳಲ್ಲಿ ಕಂಡ ಮುಖ ಅಲ್ಲಿ ಯಾರದೂ ಆಗಿರಲಿಲ್ಲ. ಒಬ್ಬಳ ಮೇಲೆ ಬೆರಳಿಟ್ಟಳು, ತೆಗೆದಳು. ಪಕ್ಕದವಳ ಮೇಲಿಟ್ಟಳು.

“ಇವಳಿರಬೇಕು,” ಅಂದಳು. ಆಮೇಲೆ ಬೆರಳು ತೆಗೆದು, “ಗೊತ್ತಾಗ್ತಿಲ್ಲ ಕಣ್ರೀ,” ಅಂದಳು.

ಸೋಮವಾರ ಹೋಗಿ ಮಾನ್ಯತೆ ಪತ್ರ ತಂದಳು. ಮಂಗಳವಾರ ಹೆಡ್‌ಮಾಸ್ಟರು ತರಗತಿಯ ಹಾಜರಿ ಪುಸ್ತಕವನ್ನು ಅವಳ ಹೆಸರಿಗೇ ಕೊಟ್ಟರು.