ಮುಳುಗುವವನ ಲೋಟ

ನನ್ನ ತಮ್ಮ ಪುಣೆಯ ಯೆರವಡಾದ ಸೇತುವೆಯ ಹತ್ತಿರ ನದಿಯಲ್ಲಿ ಮುಳುಗಿ ಹೆಣ ಹುಡುಕಿ ತೆಗೆಯುತ್ತಾನೆ. ಯಾರಾದರೂ ನೀರುಪಾಲಾದರೆ ಪೊಲೀಸರು ಅವನನ್ನೇ ಕರೆಯುತ್ತಾರೆ. ಹೆಣ ಮುಟ್ಟುವವನೆಂದು ನಾನು ಅವನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಸ್ನಾನ ಮಾಡಿ ಬಂದರೂ ಹೊಸ್ತಿಲ ಹೊರಗೇ ಕೂಡಿಸಿ, ಅವನಿಗೆಂದೇ ಕಿಟಕಿಯಲ್ಲಿಟ್ಟ ಸ್ಟೀಲ್ ಲೋಟದಲ್ಲಿ ಚಹಾ ಕೊಡುತ್ತಿದ್ದೆ. ಇದನ್ನು ಶುರು ಮಾಡಿದವರು ನನ್ನ ಅತ್ತೆ. ಅವರು ತೀರಿಕೊಂಡ ಮೇಲೂ ನಾನು ಬಿಡಲಿಲ್ಲ.

“ಯಾರ ಹುಡುಗನೋ ಏನೋ, ಅವರವ್ವ ದಂಡ್ಯಾಗ ಕುಂತಿದ್ಳಕ್ಕಾ” ಎಂದು ಅವನು ಹೇಳತೊಡಗಿದರೆ, “ಅದನ್ನೆಲ್ಲಾ ಇಲ್ಲಿ ಹೇಳಬ್ಯಾಡ, ಮಕ್ಕಳು ಹೆದರ್ತಾವ” ಎನ್ನುತ್ತಿದ್ದೆ. ಅವನು ಲೋಟ ತೊಳೆದು ಬೋರಲು ಹಾಕಿ ಹೋಗುತ್ತಿದ್ದ.

ನಾನು ನಾಲ್ಕನೇ ಇಯತ್ತೆ ಕಲಿತವಳು. ವಯಸ್ಸಾದ ಒಬ್ಬ ಅಮ್ಮನವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೋದ ವರ್ಷ ಅವರ ಮನೆಯವರೆಲ್ಲ ತುರ್ಕಿ ದೇಶಕ್ಕೆ ಹೊರಟಾಗ, ಅಮ್ಮನವರ ಕೈಹಿಡಿದು ನಡೆಸಲು ನಾನೂ ಹೋದೆ. ಮೆಡಿಟರೇನಿಯನ್ ಕಡಲ ದಂಡೆಯ ಸಣ್ಣ ಊರು; ಅದರ ಹೆಸರಿಗೆ ಇವತ್ತಿಗೂ ನನ್ನ ನಾಲಿಗೆ ಹೊರಳುವುದಿಲ್ಲ. ಮಧ್ಯಾಹ್ನ ಅಂಗಡಿಗಳ ಮುಂದೆ ಬೆಕ್ಕುಗಳನ್ನು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಜನ ಅಲ್ಲಿಗೆ ಬರುವುದೇ ಕಡಲಲ್ಲಿ ಮುಳುಗಲು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನಗುನಗುತ್ತಾ ನೀರಿಗಿಳಿಯುತ್ತಿದ್ದರು.

ಒಂದು ದಿನ ದಂಡೆಯ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆವು. ಮುಳುಗುವುದನ್ನು ಕಲಿಸುವವನು ಮೈಯಿಂದ ನೀರು ಸುರಿಸುತ್ತಾ ಬಂದು ಪಕ್ಕದ ಮೇಜಿಗೆ ಕೂತ. ಖಾನಾವಳಿ ನಡೆಸುವ ಹೆಂಗಸು ಬೈಯುತ್ತಲೇ ಅವನ ತಲೆ ಒರೆಸಿದಳು. ಅವನ ಹತ್ತಿರ ಕಲಿಯುತ್ತಿದ್ದ ಅಮ್ಮನವರ ಮೊಮ್ಮಗ ನನಗೆ ಮರಾಠಿಯಲ್ಲಿ ಹೇಳಿದ: ಅವಳು ಅವನ ಅಕ್ಕ. ಹೋದ ತಿಂಗಳು ಮೀನುಗಾರನೊಬ್ಬ ಮುಳುಗಿ ಸತ್ತಾಗ ಹೆಣ ಮೇಲೆ ತಂದವನು ಇವನೇ.

ಅಷ್ಟರಲ್ಲಿ ಆ ಅಕ್ಕ, ಅವನು ಮುರಿದಿಟ್ಟ ಬ್ರೆಡ್ಡಿನ ತುಂಡನ್ನು ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು. ನನಗೆ ನಮ್ಮ ಮನೆಯ ಕಿಟಕಿಯಲ್ಲಿಟ್ಟ ಸ್ಟೀಲ್ ಲೋಟ ನೆನಪಾಯಿತು.

ಪುಣೆಗೆ ಬಂದವಳೇ ತಮ್ಮನನ್ನು ಊಟಕ್ಕೆ ಕರೆದೆ. ಅವನು ಅಭ್ಯಾಸದಂತೆ ಹೊಸ್ತಿಲಾಚೆ ಕೂತು ಕಿಟಕಿಗೆ ಕೈ ಚಾಚಿದ. ಲೋಟ ಅಲ್ಲಿರಲಿಲ್ಲ. ಒಳಗಿನ ಲೋಟಗಳ ಜೊತೆ ಸೇರಿಸಿಬಿಟ್ಟಿದ್ದೆ.

“ಒಳಗ ಬಾರೋ.”

“ಇರಲಿ ಬಿಡಕ್ಕಾ, ಇಲ್ಲಿ ಗಾಳಿ ಭಾಳ ಚಂದ ಬರ್ತದ.”

“ನಂದು ತಪ್ಪಾಗೇದಪ್ಪಾ. ಬಾ.”

ಅವನು ಅಲುಗಲಿಲ್ಲ. “ಆ ಕಡಲಾಗ ತಳ ಕಾಣತಿತ್ತೇನ?” ಎಂದು ಕೇಳಿದ.

“ಕಾಣತಿತ್ತು. ಮೀನಿನ ನೆರಳೂ ಕಾಣತಿತ್ತು.”

“ಪುಣ್ಯವಂತರು. ನಮ್ಮ ನದ್ಯಾಗ ಕಣ್ಣು ತೆರೆದ್ರೂ ಅಷ್ಟ, ಮುಚ್ಚಿದ್ರೂ ಅಷ್ಟ. ಕೈಯಾಡಿಸೇ ಹುಡುಕಬೇಕು.”

ನಾನು ತಾಟುಗಳನ್ನು ಹೊರಗೆ ತಂದು ಅವನ ಪಕ್ಕ ಕೂತೆ. ಅವನು ಮುರಿದಿಟ್ಟ ರೊಟ್ಟಿಯ ತುಂಡನ್ನು ಎತ್ತಿಕೊಂಡು ತಿಂದೆ.

“ಯಾಕ, ತುರ್ಕಿಯಾಗ ಉಣ್ಣಾಕ ಕೊಡಲಿಲ್ಲೇನ ನಿನಗ?” ಎಂದು ಗದರಿದ. ಆದರೆ ತನ್ನ ತಾಟನ್ನು ನನ್ನ ಕಡೆಗೆ ಸರಿಸಿದ.